ಅವ್ವ ಕಲಿತ ‘ಹ’

ಮೂರನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ಕೆಳಗಿನ ಬೀದಿ ನೋಡುತ್ತಿದ್ದೆ. ಬಾಡಿಗೆ ಕೋಣೆ ತೋರಿಸಲು ಬಂದಿದ್ದ ಮನೆ ಯಜಮಾನಿ ನನ್ನ ಬೆನ್ನು ತಟ್ಟಿ, ನಗುನಗುತ್ತಾ ‘ಹಾರು? ಹಾರು?’ ಎಂದರು. ನನ್ನ ಜೀವ ಬಾಯಿಗೆ ಬಂತು. ಹಾಸನದಿಂದ ರೈಲು ಹತ್ತಿ ಗುಜರಾತಿನ ಆಣಂದಕ್ಕೆ ಬಂದದ್ದು ಕೆಳಗೆ ಹಾರಿಕೊಳ್ಳುವುದಕ್ಕಲ್ಲವಲ್ಲ! ಗುಜರಾತಿಯಲ್ಲಿ ‘ಸಾರು’ ಎಂದರೆ ಚೆನ್ನಾಗಿದೆ ಎಂದು, ಈ ಸೀಮೆಯವರ ಬಾಯಲ್ಲಿ ಅದರ ‘ಸ’ ಹೋಗಿ ‘ಹ’ ಆಗುತ್ತದೆ ಎಂದು ಆಮೇಲೆ ತಿಳಿಯಿತು. ಪಾಪ, ಕೋಣೆ ಚೆನ್ನಾಗಿದೆಯಾ ಎಂದು ಕೇಳಿದ್ದರು, ಅಷ್ಟೇ.

ಹಾಸನದ ಹತ್ತಿರದ ದುದ್ದದ ಕಡೆಯವಳಾದ ನನಗೆ ಇದು ದೊಡ್ಡ ತಮಾಷೆ. ನಮ್ಮೂರಲ್ಲಿ ‘ಹ’ ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಹಾಲು ಆಲು, ಹಸು ಅಸ, ಹಾಸನ ಆಸ್ನ. ಇಲ್ಲಿಯವರು ಇಲ್ಲದ ಕಡೆಯೂ ಅದನ್ನು ಹಚ್ಚುತ್ತಾರೆ. ನಾವು ಬಿಟ್ಟದ್ದನ್ನೆಲ್ಲ ಇವರೇ ಹೆಕ್ಕಿಕೊಂಡರೇನೋ.

‘ನೀವು ಯಾವ ಜನ?’ ಎಂದು ಯಜಮಾನಿ ಹಿಂದಿಯಲ್ಲಿ ಕೇಳಿದರು. ಬೌದ್ಧರು ಎಂದೆ. ಹಾಗಾದರೆ ಮಾಂಸ ತಿನ್ನುವುದಿಲ್ಲ ಎಂದು ತಾವೇ ತೀರ್ಮಾನಿಸಿ ಬೀಗದಕೈ ಕೊಟ್ಟರು. ತಾತನ ಕಾಲಕ್ಕೆ ಬೌದ್ಧರಾದ ನಮ್ಮ ಮನೆಯಲ್ಲಿ ಭಾನುವಾರ ಏನು ಬೇಯುತ್ತದೆ ಎಂದು ನಾನು ಹೇಳಲು ಹೋಗಲಿಲ್ಲ. ಇಲ್ಲಿಯವರು ಬೇಳೆಗೆ ಬೆಲ್ಲ ಹಾಕುವುದನ್ನು ಮೊದಮೊದಲು ಸಹಿಸಿಕೊಂಡೆ, ಈಗ ಇಲ್ಲದಿದ್ದರೆ ಸಪ್ಪೆ ಎನಿಸುತ್ತದೆ. ರಾಗಿ ಸಿಗದೆ ಸಜ್ಜೆ ಹಿಟ್ಟಿನಲ್ಲೇ ಮುದ್ದೆ ಕಟ್ಟುತ್ತೇನೆ.

ನಾನು ಬಂದದ್ದು ಹೈನು ತಂತ್ರಜ್ಞಾನದಲ್ಲಿ ಎಂ.ಟೆಕ್ ಓದಲು. ಬೌದ್ಧರಿಗೂ ಸಿಗುವ ಅಲ್ಪಸಂಖ್ಯಾತರ ಸ್ಕಾಲರ್‌ಶಿಪ್ ನಂಬಿಕೊಂಡೇ ಸೀಟು ಹಿಡಿದಿದ್ದೆ. ಅದು ಬರದಿದ್ದರೆ ಹಾಸನದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮೆಷಿನ್ನೇ ಗತಿ. ನನಗಿಂತ ಚೆನ್ನಾಗಿ ಓದುತ್ತಿದ್ದ ಇಬ್ಬರು ಗೆಳತಿಯರು ಆಗಲೇ ಅಲ್ಲಿದ್ದರು.

ಎರಡನೇ ತಿಂಗಳಲ್ಲಿ ಅರ್ಜಿ ವಾಪಸ್ ಬಂತು. ಅಂಕಪಟ್ಟಿಯಲ್ಲಿ ನಾನು ಹೇಮಲತಾ, ಆಧಾರ್‌ನಲ್ಲಿ ಏಮಲತಾ. ಚಿಕ್ಕವಳಿದ್ದಾಗ ಆಧಾರ್ ಮಾಡಿಸಲು ಕರೆದೊಯ್ದ ಅವ್ವ ಹೇಳಿದ್ದನ್ನು ಅಲ್ಲಿಯವರು ಹಾಗೇ ಬರೆದುಕೊಂಡಿದ್ದರು. ಅವಳಿಗೆ ನಾನು ಹುಟ್ಟಿದಾಗಿನಿಂದ ಏಮಿ. ಇಬ್ಬರೂ ಒಬ್ಬಳೇ ಎಂದು ಹೆತ್ತವರು ವಾರದೊಳಗೆ ಹಾಸನದ ಕಚೇರಿಗೆ ಬಂದು ಹೇಳಬೇಕಿತ್ತು. ಅಪ್ಪ ಇಲ್ಲ. ಫೋನಿನಲ್ಲಿ ಅವ್ವನಿಗೆ ಪಾಠ ಶುರುಮಾಡಿದೆ.

‘ಹೇ ಅನ್ನವ್ವ.’

‘ಏ.’

‘ಕನ್ನಡಕ ಒರೆಸ್ಕೊಳ್ಳೋವಾಗ ಬಾಯಿಂದ ಉಸ್ರು ಬಿಡ್ತೀಯಲ್ಲ, ಅಂಗೆ.’

‘ಹ್... ಹೇಮ!’

ಆ ದಿನ ಅವ್ವ ಫೋನ್ ಕಟ್ ಮಾಡದೆ ಕೈಯಲ್ಲೇ ಹಿಡಿದುಕೊಂಡು ಕಚೇರಿಯೊಳಗೆ ಹೋದಳು. ನಾನು ಇಲ್ಲಿ ಕಾಲೇಜಿನ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದೆ.

‘ನಿಮ್ಮ ಮಗಳ ಹೆಸರೇನಮ್ಮ?’ ಅಧಿಕಾರಿ ಕೇಳಿದರು.

‘ಹೇಮಲತ, ಸಾ.’

ಗೆದ್ದೆವು ಎಂದುಕೊಂಡೆ. ಅವ್ವ ಅಲ್ಲಿಗೇ ನಿಲ್ಲಿಸಲಿಲ್ಲ.

‘ನಾನೇ ಹವಳ ಹವ್ವ, ಸಾ. ಹವಳು ಹಾಣಂದದಲ್ಲಿ ಹೋದ್ತಾವ್ಳೆ.’

ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. ಅತ್ತ ಅಧಿಕಾರಿ ಜೋರಾಗಿ ನಕ್ಕರು.

‘ನಮ್ಮವ್ವನೂ ನಿಮ್ ಕಡೆಯೋಳೇ ಕಣಮ್ಮ. ಏಮಲತ ಎಲ್ಲಿಂದ ಬಂದ್ಲು ಅಂತ ಗೊತ್ತಾಯ್ತು ಬಿಡಿ. ಇಲ್ಲೊಂದು ರುಜು ಹಾಕಿ.’

ಸ್ಕಾಲರ್‌ಶಿಪ್ ಬಂತು, ಓದು ಮುಗಿಯಿತು. ಈಗ ಇಲ್ಲಿಯ ಹಾಲಿನ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ. ಊರಿನ ಡೈರಿಯಲ್ಲಿ ನಮ್ಮ ಹಾಲು ಪರೀಕ್ಷೆಯಲ್ಲಿ ಪಾಸಾಗಲಿ ಎಂದು ಅವ್ವನ ಪಕ್ಕ ಕಾದು ನಿಲ್ಲುತ್ತಿದ್ದವಳು ನಾನು. ಇಲ್ಲಿ ಬಂದ ಟ್ಯಾಂಕರ್ ಒಳಗೆ ಬಿಡಬೇಕೋ ವಾಪಸ್ ಕಳಿಸಬೇಕೋ ಹೇಳುವವಳೂ ನಾನೇ. ಸುಳ್ಳೇಕೆ, ಜಂಬ ಇದೆ. ಡ್ರೈವರುಗಳೆಲ್ಲ ‘ಹೇಮಾಬೆನ್’ ಎಂದು ಕಾಯುತ್ತಾರೆ. ಬೆನ್ ಎಂದರೆ ಅಕ್ಕ.

ಅವ್ವನೂ ಅಂದಿನಿಂದ ಹೇಮ ಎಂದೇ ಕರೆಯುತ್ತಾಳೆ. ಇಲ್ಲಿ ಎಲ್ಲ ಸುಖವಾಗಿದೆ, ಇದೊಂದೇ ನನಗೆ ಸಂಕಟ. ಹೋದ ವಾರ ಹೇಳಿಯೇಬಿಟ್ಟೆ.

‘ಕೆಲ್ಸ ಸಿಕ್ತಲ್ಲವ್ವ, ಇನ್ಯಾರು ಕೇಳ್ತಾರೆ? ಏಮಿ ಅನ್ನು.’

‘ಸುಮ್ಕಿರು ಹೇಮ. ನಿನ್ ತಂಗಿ ಹರ್ಸಿತಂದು ಅರ್ಜಿ ಈ ವರ್ಸ ಆಕ್ಬೇಕು. ಅಭ್ಯಾಸ ತಪ್ಪೋದ್ರೆ ಏನ್ಮಾಡನ?’

ನನಗೆ ನಗುವೂ ಬಂತು, ಅಳುವೂ ಬಂತು. ತಂಗಿಯ ಸ್ಕಾಲರ್‌ಶಿಪ್ ಬರುವತನಕ ಊರಿಗೆ ಹೋದರೂ ನಾನು ಆಣಂದದ ಹೇಮಾಳೇ.