ಕೀಮೋಗೆ ಮೊದಲೇ ಕೊಟ್ಟ ಮುಡಿ

"ಕೀಮೋ ಎಲ್ಲಿ ಶುರು ಮಾಡಿಸಿದ್ರಿ? ನನಗೆ ಹೇಳಲೇ ಇಲ್ಲವಲ್ಲ?"

ನನ್ನ ಬೋಳುತಲೆ ನೋಡಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಇದು. ಮೈಸೂರಿನಲ್ಲಿ ನನಗೆ ಸ್ತನ ಕ್ಯಾನ್ಸರಿನ ಆಪರೇಷನ್ ಮಾಡಿದ್ದವರು ಅವರೇ. ನನಗಿಂತ ಹದಿನೈದು ವರ್ಷವಾದರೂ ಚಿಕ್ಕವರು.

"ಇಲ್ಲ ಡಾಕ್ಟ್ರೇ. ಮುಡಿ ಕೊಟ್ಟೆ" ಅಂದೆ.

ಅವರು ಪೆನ್ನು ಕೆಳಗಿಟ್ಟರು.

ನಡೆದದ್ದು ಇಷ್ಟು. ಆಪರೇಷನ್ ಆದಮೇಲೆ, ತೆಗೆದ ಗೆಡ್ಡೆಯ ಒಂದು ಚೂರನ್ನು ಜೀನ್ ಪರೀಕ್ಷೆಗೆ ಕಳಿಸಿದ್ದರು. ಗೆಡ್ಡೆ ಚಿಕ್ಕದು, ಕಂಕುಳಿಗೆ ಹರಡಿಲ್ಲ, ಹಾರ್ಮೋನ್ ಮಾತ್ರೆಗೆ ಬಗ್ಗುವ ಜಾತಿ. ಅದು ಮರುಕಳಿಸುವ ಸಾಧ್ಯತೆ ಎಷ್ಟು, ಕೀಮೋ ಕೊಟ್ಟರೆ ಉಪಯೋಗ ಉಂಟೋ ಇಲ್ಲವೋ ಎಂಬುದನ್ನು ಆ ಪರೀಕ್ಷೆಯ ಅಂಕ ಹೇಳುತ್ತದೆ, ಆಮೇಲೆ ತೀರ್ಮಾನ ಮಾಡೋಣ ಅಂದಿದ್ದರು. ರಿಪೋರ್ಟ್ ಬರಲು ಮೂರು ವಾರ.

ಮನೆಯಲ್ಲಿ ಎಲ್ಲರ ಕಿವಿಗೆ ಬಿದ್ದದ್ದು ಕೀಮೋ ಎಂಬ ಒಂದೇ ಪದ. ನಾನೂ ತಿದ್ದಲಿಲ್ಲ. ಹುಣಸೂರಿನ ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿರುವ ನಾನೂ ಒಳಗೊಳಗೇ ಅದನ್ನೇ ನಿಶ್ಚಯ ಮಾಡಿಕೊಂಡಿದ್ದೆ.

ಮಿರ್ಲೆಯಿಂದ ಅತ್ತೆ ಬಂದರು. ಎಪ್ಪತ್ತೆಂಟು ವರ್ಷ. ನಾಟಿ ಸಮಯದಲ್ಲಿ ಈಗಲೂ ಬದುವಿನ ಮೇಲೆ ನಿಂತು ಎಲ್ಲರನ್ನೂ ರೇಗಿಸುವವರು.

"ಎಂಗೂ ಉದ್ರೋ ಕೂದ್ಲು ಕಣವ್ವ. ಬಚ್ಚಲ್ನಾಗೆ ಕಟ್ಕೊಂಡು ನೀರ್ ನಿಲ್ಸೋದ್ಕಿಂತ ಮನೆದೇವ್ರಿಗೆ ಕೊಟ್ಬುಡು. ಅವನಾದ್ರೂ ಇಟ್ಕತಾನೆ."

ಒಪ್ಪಿದೆ. ಭಕ್ತಿಯಿಂದಲ್ಲ. ಉದುರುವುದನ್ನು ಕಾಯುತ್ತ ಕೂರುವುದಕ್ಕಿಂತ ನಾನೇ ಕೊಟ್ಟೆ ಅನ್ನುವುದರಲ್ಲಿ ಏನೋ ಒಂದು ಸಮಾಧಾನವಿತ್ತು.

ಸಾಲಿಗ್ರಾಮದ ಹತ್ತಿರ ಹೊಳೆಯ ದಡ, ಬೆಳಗಿನ ಎಳೆಬಿಸಿಲು, ತಣ್ಣನೆಯ ಕತ್ತಿ. ಆಪರೇಷನ್ ಗಾಯ ನೆನೆಯಬಾರದೆಂದು ಅತ್ತೆ ಚೊಂಬಿನಲ್ಲಿ ತಲೆಗಷ್ಟೇ ನೀರು ಹುಯ್ದರು. ಆಗ ಒಂದು ಗಾಳಿ ಬೀಸಿತು ನೋಡಿ... ಐವತ್ತಮೂರು ವರ್ಷದಲ್ಲಿ ನನ್ನ ತಲೆ ಅಂಥ ಗಾಳಿಯನ್ನು ಕಂಡಿರಲಿಲ್ಲ. ನಾಚಿಕೆಯಾಗುವಷ್ಟು ಖುಷಿಯಾಯಿತು.

ಆಮೇಲೆ ಹತ್ತನೇ ಕ್ಲಾಸನ್ನು ಇನ್ನೊಬ್ಬ ಮೇಡಂಗೆ ಒಪ್ಪಿಸಿದೆ. ಉದ್ದದ ರಜೆ ಬರೆದುಕೊಟ್ಟೆ. ಮೆತ್ತನೆಯ ಕಾಟನ್ ಸ್ಕಾರ್ಫ್ ತಂದಿಟ್ಟುಕೊಂಡೆ. ಸಿದ್ಧಳಾದೆ.

ಹೀಗೆ ಸಿದ್ಧವಾಗಿ ಹೋಗಿ ಕೂತವಳಿಗೆ ಡಾಕ್ಟರ್ ರಿಪೋರ್ಟ್ ತೋರಿಸಿದರು. ಅಂಕ ಕಡಿಮೆ ಬಂದಿತ್ತು.

"ಇದರಲ್ಲಿ ಕಡಿಮೆ ಬಂದ್ರೇನೇ ಒಳ್ಳೇದು. ಕೀಮೋದಿಂದ ನಿಮಗೆ ಹೆಚ್ಚಿಗೆ ಸಿಗೋದು ಏನೂ ಇಲ್ಲ ಅನ್ನಬಹುದು. ರೇಡಿಯೇಷನ್ ಮತ್ತೆ ಮಾತ್ರೆ ಸಾಕು. ಕೀಮೋ ಬೇಡ ಅನ್ನೋದು ನನ್ನ ಸಲಹೆ. ಆದರೆ ತೀರ್ಮಾನ ನಿಮ್ಮದು, ಒಂದು ವಾರ ಯೋಚನೆ ಮಾಡಿ."

ಕುಣಿಯಬೇಕಿತ್ತು. ವಾಪಸು ಬರುವ ಬಸ್ಸಿನಲ್ಲಿ ನನಗೆ ಅನಿಸಿದ್ದೇ ಬೇರೆ. ವರ್ಷವೆಲ್ಲ ಓದಿದ ಮೇಲೆ ಪರೀಕ್ಷೆ ರದ್ದಾದಂತೆ.

ಮನೆಯಲ್ಲಿ ಅತ್ತೆಯ ವಾದ ಸರಳ. "ಕೂದ್ಲೂ ಕೊಟ್ಟಾಯ್ತು, ರಜಾನೂ ಆಕಾಯ್ತು. ಇನ್ ಯಾಕೆ ಬುಡೋದು? ಆಕ್ಸ್ಕೊಂಡೇ ಬುಡು."

"ಅದೇನ್ ಗೊಬ್ರನಾ ಅವ್ವಾ, ತಂದಾಯ್ತು ಅಂತ ಆಕೋಕೆ?" ಅಂದರು ನಮ್ಮವರು.

"ನೀ ಸುಮ್ಕಿರ್ಲಾ. ದೇವ್ರಿಗೆ ಕೊಡೋಕಾದ್ರೂ ಏನೈತೆ ನಿನ್ ತಲೇಲಿ?"

ನಮ್ಮವರು ತಮ್ಮ ನುಣ್ಣನೆಯ ತಲೆ ಸವರಿಕೊಂಡು ಎದ್ದು ಹೋದರು. ನಾನು ನಕ್ಕೆ. ಆದರೆ ಅತ್ತೆಯ ಮಾತಿಗೆ ನಾನೂ ಒಳಗೇ ತಲೆಯಾಡಿಸುತ್ತಿದ್ದೆ.

ಬೇಡ ಅಂದು, ನಾಳೆ ಅದು ತಿರುಗಿ ಬಂದರೆ? ತಗೊಂಡರೆ, ಮಾಡಬೇಕಾದ್ದೆಲ್ಲ ಮಾಡಿದೆ ಎಂಬ ಮಾತಾದರೂ ಉಳಿಯುತ್ತದೆ... ನಾಲ್ಕು ದಿನ ಹೀಗೇ. ರಿಪೋರ್ಟನ್ನು ಎಷ್ಟು ಸಲ ಓದಿದೆನೋ.

ಐದನೇ ದಿನ ಸ್ಕಾರ್ಫ್ ಮಡಿಸಿಡುವಾಗ ಒಂದು ವಿಷಯ ನಿಧಾನವಾಗಿ ತಿಳಿಯಿತು. ನಾನು ಕೀಮೋ ಬಯಸುತ್ತಿದ್ದುದು ಕಾಯಿಲೆಗಾಗಿ ಅಲ್ಲ. ಬೋಳಿಸಿಕೊಂಡದ್ದಕ್ಕೆ ಒಂದು ಕಾರಣ ಬೇಕಾಗಿತ್ತು, ಅಷ್ಟೆ.

ಮುಂದಿನ ಭೇಟಿಗೆ ಅತ್ತೆ ಹಠ ಮಾಡಿ ಜೊತೆಗೆ ಹೊರಟರು.

"ಕೀಮೋ ಬೇಡ ಡಾಕ್ಟ್ರೇ" ಅಂದೆ. ಇಷ್ಟು ಚಿಕ್ಕ ಮಾತಿಗೆ ಇಷ್ಟು ದಿನ ಬೇಕಾಯಿತಲ್ಲ ಅನಿಸಿತು.

ಅತ್ತೆ ಕುರ್ಚಿಯ ತುದಿಗೆ ಸರಿದರು. "ತಾಯೀ, ನೀವು ಓದಿರೋರು. ಒಂದ್ ಮಾತು ಕೇಳ್ತೀನಿ. ಔಷ್ದಿ ಎಸ್ರೇಳಿ ಮುಡಿ ಕೊಡ್ಸಿವ್ನಿ. ಈಗ ಔಷ್ದೀನೇ ಬ್ಯಾಡ ಅಂದ್ರೆ, ಸುಳ್ ಏಳುದ್ರು ಅಂತ ದ್ಯಾವ್ರು ಸಿಟ್ಟಾಗಕಿಲ್ವಾ?"

ಅವರನ್ನು ಇಷ್ಟು ದಿನ ಕೊರೆಯುತ್ತಿದ್ದದ್ದು ಇದು. ಒಂದೇ ಮನೆಯಲ್ಲಿದ್ದೂ ನನಗೆ ಹೊಳೆದಿರಲಿಲ್ಲ.

ಡಾಕ್ಟರ್ ನಗಲಿಲ್ಲ. "ಏನಂತ ಹರಕೆ ಹೊತ್ತಿದ್ರಿ ಅಜ್ಜಿ?"

"ಈ ಔಷ್ದಿ ಕಾಟ ಬ್ಯಾಗ ಮುಗಿಸ್ಕೊಡಪ್ಪಾ ಅಂತ."

"ಮತ್ತೆ? ಶುರುವಾಗೋಕೆ ಮುಂಚೆಯೇ ಮುಗಿಸಿಕೊಟ್ನಲ್ಲ."

ಅತ್ತೆ ಒಂದು ಗಳಿಗೆ ಅವರನ್ನೇ ನೋಡಿದರು. ಆಮೇಲೆ ನಕ್ಕರು... ಆ ಕೋಣೆಯಲ್ಲಿ ಅಷ್ಟು ಜೋರಾಗಿ ಯಾರೂ ನಕ್ಕಿರಲಾರರು. ಹೊರಗೆ ಕೂತಿದ್ದ ನಮ್ಮವರು ಗಾಬರಿಯಿಂದ ಬಾಗಿಲು ತೆಗೆದು ಇಣುಕಿದರು.

ಈಗ ರೇಡಿಯೇಷನ್ ಮುಗಿದಿದೆ. ದಿನಕ್ಕೊಂದು ಮಾತ್ರೆ ನುಂಗಿ ಶಾಲೆಗೆ ಹೋಗುತ್ತೇನೆ. ಎಲ್ಲಾದರೂ ಸಣ್ಣಗೆ ನೋವಾದರೆ ಎದೆ ಧಸಕ್ಕೆನ್ನುವುದು ನಿಂತಿಲ್ಲ. ಅದರ ಪಾಡಿಗೆ ಅದು ಇರಲಿ.

ಬೀದಿಯವರು ಮಾತ್ರ ಇನ್ನೂ ದಾಳಿಂಬೆ ಹಿಡಿದು ನೋಡಲು ಬರುತ್ತಾರೆ. ಕೀಮೋ ಬೇಡ ಅಂದರು ಎಂದರೆ ಎದುರುಮನೆಯಾಕೆ ದನಿ ತಗ್ಗಿಸಿ, "ಅಯ್ಯೋ, ಕೈ ಬುಟ್ಟುಬುಟ್ರಾ?" ಅಂದಳು. ಅವಳನ್ನು ಕೂರಿಸಿ, ಕಾಫಿ ಕೊಟ್ಟು, ಜೀನ್ ಪರೀಕ್ಷೆಯ ಪಾಠ ಮಾಡಿದೆ. ಹೋಗುವಾಗಲೂ ಅವಳಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ.

ಕೆಟ್ಟ ಸುದ್ದಿಯನ್ನು ಕೇಳಿದ ತಕ್ಷಣ ನಂಬುವ ನಾವು, ಒಳ್ಳೆಯ ಸುದ್ದಿಗೆ ಮಾತ್ರ ಯಾಕೆ ಇಷ್ಟೊಂದು ಸಾಕ್ಷಿ ಕೇಳುತ್ತೇವೆ?