ಅಕ್ಕ ಕೊಡುತ್ತಿದ್ದ ಶಕ್ತಿಯ ಪುಡಿ

ಮೊದಲು ಹೊಟ್ಟೆ ಹಿಡಿದುಕೊಂಡಿತು. ಬೈಲಹೊಂಗಲದ ಪೇಟೆಯಲ್ಲಿ ನನ್ನದು ಹೊಲಿಗೆ ಅಂಗಡಿ. ಮಷಿನ್ ತುಳಿಯುತ್ತಿದ್ದವನು ಹಾಗೇ ಮುಂದಕ್ಕೆ ಬಗ್ಗಿ ಕುಳಿತುಬಿಟ್ಟೆ. ಊರಿನ ಡಾಕ್ಟರು ಅಜೀರ್ಣ ಎಂದರು. ಮಾತ್ರೆ ನುಂಗಿದೆ. ನೋವು ಹೋಗಲಿಲ್ಲ, ಹಸಿವು ಹೋಯಿತು.

ಆಮೇಲೊಂದು ಬೆಳಿಗ್ಗೆ ಬಟ್ಟೆ ಕತ್ತರಿಸುವಾಗ ಕತ್ತರಿ ಜಾರಿತು. ಎತ್ತಿಕೊಳ್ಳಲು ಹೋದೆ.

ಬಲಗೈ ಮಣಿಕಟ್ಟಿನಿಂದ ಜೋತುಬಿದ್ದಿತ್ತು.

ಹೆಂಡತಿ ಸುಭದ್ರಾ ಮತ್ತು ನನ್ನ ಅಕ್ಕ ಗಂಗಕ್ಕ ನನ್ನನ್ನು ಧಾರವಾಡದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ನನ್ನ ತುಟಿ ಸರಿಸಿ ಒಸಡು ನೋಡಿದರು. ನೀಲಿ ಗೆರೆ ಇತ್ತಂತೆ. ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಇಲ್ಲವೆಂದೆ. ಸುಳ್ಳಲ್ಲ, ನಮ್ಮ ಮನೆಯಲ್ಲಿ ಔಷಧವೆಂದರೆ ಮಾತ್ರೆ, ಇಂಜೆಕ್ಷನ್. ಹೋದ ಮಳೆಗಾಲದ ಜ್ವರದ ನಂತರ ಅಕ್ಕ ದಿನಾ ಜೇನಿನಲ್ಲಿ ಕಲಸಿ ಕೊಡುತ್ತಿದ್ದ ಪುಡಿಯನ್ನು ನಾವು ಊಟದ ಲೆಕ್ಕಕ್ಕೇ ಹಿಡಿದಿದ್ದೆವು.

ಅಕ್ಕನೇ ಹೇಳಿದಳು: "ಒಂದು ಶಕ್ತಿ ಪುಡಿ ಕೊಡತೇನ್ರಿ. ಗಿಡಮೂಲಿಕಿದು."

ಮರುದಿನ ಸುಭದ್ರಾ ಊರಿಗೆ ಹೋಗಿ ಬಾಟಲಿ ತಂದಳು. ಸವದತ್ತಿಯ ಒಬ್ಬ ವ್ಯಾಪಾರಿಯಿಂದ ಅಕ್ಕ ಕೊಂಡದ್ದು. ಮುಂದೆ ಹಸಿರು ಬಳ್ಳಿಯ ಚಿತ್ರ. ಡಾಕ್ಟರು ಅದನ್ನು ತಿರುಗಿಸಿ, ಹಿಂದಿನ ಲೇಬಲ್ಲಿನ ಸಣ್ಣ ಮರಾಠಿ ಅಕ್ಷರ ಓದಿದರು.

"ಇದರಾಗ ನಾಗಭಸ್ಮ ಐತ್ರಿ. ನಾಗ ಅಂದ್ರ ಸೀಸ, ಮೈಗೆ ವಿಷ. ಒಸಡಿನ ನೀಲಿ ಗೆರಿ, ಹೊಟ್ಟಿನೋವು, ಕೈ ಜೋತದ್ದು ಎಲ್ಲಾ ಅದರಿಂದನ. ವೈದ್ಯರನ್ನ ಕೇಳದ ತಗೋಬಾರದು, ಬಸುರಿಯರಿಗೆ ಕೊಡಲೇಬಾರದು ಅಂತ ಬರದಾರ."

ಚಿಟಿಕೆಯಷ್ಟು ಎಂದೂ ಬರೆದಿತ್ತು. ಅಕ್ಕ ಕೊಡುತ್ತಿದ್ದುದು ಚಮಚ.

ಅಕ್ಕ ಡಾಕ್ಟರ ಕೈಯಿಂದ ಬಾಟಲಿ ಕಸಿದುಕೊಂಡಳು.

"ಸೊಸಿಗೂ ಒಂದು ಬಾಟಲಿ ಕೊಟ್ಟು ಕಳಿಸೇನ್ರಿ," ಎಂದಳು.

ಅಕ್ಕನ ಸೊಸೆ ಚೊಚ್ಚಲ ಹೆರಿಗೆಗೆಂದು ರಾಮದುರ್ಗದ ತವರಿಗೆ ಹೋಗಿದ್ದಳು. ಅಕ್ಕನ ಮಗನಿಗೆ ಹೇಳಿಕಳಿಸಿದೆವು. ಅವನು ಸಿಕ್ಕ ಬಸ್ಸು ಹತ್ತಿದ. ಅವನು ತಿರುಗಿ ಬರುವವರೆಗೆ ಅಕ್ಕ ವಾರ್ಡಿನ ಬಾಗಿಲು ಬಿಟ್ಟು ಕದಲಲಿಲ್ಲ, ಊಟ ಮುಟ್ಟಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಮಾಡುವಷ್ಟೂ ತ್ರಾಣವಿರಲಿಲ್ಲ. ಹೊಟ್ಟೆ ಹಿಂಡುತ್ತಿತ್ತು, ಕಣ್ಣು ಮುಚ್ಚಿದರೆ ಇನ್ನೂ ಹುಟ್ಟದ ಆ ಕೂಸು.

ಹುಡುಗ ಬಂದು ಹೇಳಿದ: ಮೊದಲ ಸಲ ತಿಂದಾಗಲೇ ಅವನ ಹೆಂಡತಿಗೆ ವಾಂತಿಯಾಗಿತ್ತು. ಅಂದಿನಿಂದ ಪುಡಿಯನ್ನು ಹಿತ್ತಲಿಗೆ ಚೆಲ್ಲುತ್ತಿದ್ದಳು. ಅತ್ತೆ ಬೈದಾರೆಂದು ಯಾರಿಗೂ ಹೇಳಿರಲಿಲ್ಲ.

ಅಕ್ಕ ಬಾಗಿಲು ಬಿಟ್ಟು ನನ್ನ ಹಾಸಿಗೆಯ ಹತ್ತಿರ ಬಂದಳು. "ನನ್ನ ಮಾತು ಕೇಳಲಿಲ್ಲಲ್ಲ, ಭಾಳ ಚಲೋ ಆತು," ಎಂದಳು.

ಪುಡಿ ನಿಂತಿತು. ಕ್ಯಾಲ್ಸಿಯಂ ಇಂಜೆಕ್ಷನ್, ಹಾಲು, ಮಲಗುವುದು. ಹೊಟ್ಟೆನೋವು ಬೇಗ ಇಳಿಯಿತು, ಕೈ ಮಾತ್ರ ಅವಸರ ಮಾಡಲಿಲ್ಲ. ಈಗಲೂ ದಪ್ಪ ಬಟ್ಟೆಯನ್ನು ಸುಭದ್ರಾ ಕತ್ತರಿಸುತ್ತಾಳೆ, ನಾನು ಹೊಲಿಯುತ್ತೇನೆ. ಪೂರ್ತಿ ಸರಿಹೋದೀತೇ ಎಂದರೆ, ಕಾಯಬೇಕು ಎನ್ನುತ್ತಾರೆ ಡಾಕ್ಟರು. ಅಕ್ಕ ಈಗ ಕಷಾಯದ ಪೊಟ್ಟಣವನ್ನೂ ನನ್ನ ಮುಂದೆ ಹಿಡಿದು, ಹಿಂದೆ ಮುಂದೆ ಎಲ್ಲ ಓದಿಸಿ, ತಿಳಿಯದ ಹೆಸರಿದ್ದರೆ ಡಾಕ್ಟರನ್ನು ಕೇಳಿಯೇ ಒಲೆ ಹಚ್ಚುತ್ತಾಳೆ.

ಹೆಣ್ಣು ಕೂಸು ಹುಟ್ಟಿದೆ. ಗಟ್ಟಿಯಾಗಿ ಅಳುತ್ತದಂತೆ. ತಲೆ, ಬೆನ್ನು ಮುಚ್ಚುವಂತೆ ಅದಕ್ಕೊಂದು ಕುಂಚಿಗೆ ಹೊಲಿದೆ. ಹೊಲಿಗೆ ಸ್ವಲ್ಪ ಸೊಟ್ಟಗಾಗಿದೆ. ಬಿಚ್ಚಲು ಹೋಗಲಿಲ್ಲ.