ಒಂದೇ ಅಡ್ಡಹೆಸರಿನ ಬೀಗರು

ಅಂಧೇರಿಯಲ್ಲಿ ಕೆಲಸ ಮಾಡುವ ನನ್ನ ಮಗಳು, ತಾನು ಮದುವೆಯಾಗಬೇಕೆಂದಿರುವ ಹುಡುಗನನ್ನು ಕಾಂದಿವಲಿಯ ನಮ್ಮ ಮನೆಗೆ ಕರೆತಂದಳು. ನಮ್ಮ ಉಡುಪಿ ಕಡೆಯವನೇ ಎಂದು ನಾನು ಖುಷಿಯಲ್ಲಿದ್ದೆ. ಚಹಾ ಕುಡಿಯುತ್ತಾ ಅವನು ತನ್ನ ಅಡ್ಡಹೆಸರು ಹೇಳಿದ ನೋಡಿ, ನನ್ನ ಕೈಯ ಬಿಸ್ಕತ್ತು ಕಪ್ಪಿನೊಳಗೆ ಬಿತ್ತು. ಇಡೀ ಮುಂಬೈಯಲ್ಲಿ ಹುಡುಕಿದರೂ ಸಿಗದ ನಮ್ಮ ಮನೆತನದ ಹೆಸರು ಅದು! ಸಾಲದ್ದಕ್ಕೆ, ನನ್ನ ಅಜ್ಜ ದುಡಿಯುತ್ತಿದ್ದ ಪರೇಲಿನ ಹೋಟೆಲಿನಲ್ಲೇ ಅವನ ಮುತ್ತಜ್ಜನೂ ಇದ್ದರಂತೆ. ಆ ಹೋಟೆಲಿನ ಧಣಿಗಳದ್ದೂ ಇದೇ ಅಡ್ಡಹೆಸರು.

ಹುಡುಗ ಹೋದ ಮೇಲೆ ನಾನು ತೀರ್ಪು ಕೊಟ್ಟೆ. "ಎಲ್ಲರೂ ಒಂದೇ ಮನೆತನ. ನೀವು ಅಣ್ಣ ತಂಗಿ ಆಗ್ತೀರಿ. ಈ ಮದುವೆ ಆಗ್ಲಿಕ್ಕಿಲ್ಲ."

"ಕುಛ್ ಭೀ, ಪಪ್ಪಾ! ಪ್ರೂಫ್ ಎಲ್ಲುಂಟು?" ಎಂದಳು ಮಗಳು. ಕಣ್ಣು ತುಂಬಿತ್ತು.

ಆ ಕಣ್ಣು ನೋಡಲಾಗದೆ ಭಾನುವಾರ ಪ್ರೂಫ್ ಹುಡುಕಿಕೊಂಡು ನಾನೇ ಪರೇಲಿನ ಆ ಹೋಟೆಲಿಗೆ ಹೊರಟೆ. ನನ್ನ ಮಾತು ಸುಳ್ಳಾಗಲಿ ಎಂದೇ ಮನಸ್ಸಿನಲ್ಲಿತ್ತು. ಬಾಲ್ಕನಿಯಲ್ಲಿ ಅಲಸಂಡೆ ಮುರಿಯುತ್ತಿದ್ದ ನನ್ನ ಅಮ್ಮ, "ಬರುವಾಗ ಅಲ್ಲಿಂದ ಬನ್ಸ್ ಕಟ್ಟಿಸಿಕೊಂಡು ಬಾ" ಎಂದರು, ಅಷ್ಟೇ.

ಮಿಲ್ಲುಗಳಿದ್ದ ಜಾಗದಲ್ಲಿ ಗಾಜಿನ ಬಿಲ್ಡಿಂಗುಗಳು ಎದ್ದಿದ್ದರೂ ಆ ಹೋಟೆಲು ಅಲ್ಲೇ ಇದೆ. ಗಲ್ಲಾದಲ್ಲಿ ಹಳೆಯ ಧಣಿಗಳ ಮೊಮ್ಮಗ, ನನಗಿಂತ ಹಿರಿಯರು. ನನ್ನ ಅಜ್ಜ, ಹುಡುಗನ ಮುತ್ತಜ್ಜ ಇಬ್ಬರ ಹೆಸರನ್ನೂ ಹೇಳಿ, ನಾವೆಲ್ಲ ದಾಯಾದಿಗಳಲ್ಲವೇ ಎಂದು ನಾನು ಜಂಬದಿಂದಲೇ ವಂಶಾವಳಿ ಶುರುಮಾಡಿದೆ.

ಅವರು ಜೋರಾಗಿ ನಕ್ಕರು. "ಎಂತ ದಾಯಾದಿ ಮಾರಾಯ್ರೆ! ನಿಮ್ಮಜ್ಜ ದೋಸೆ ಕಾವಲಿಯಲ್ಲಿ, ಆ ಹುಡುಗನ ಮುತ್ತಜ್ಜ ಚಹಾ ಮಾಡ್ಲಿಕ್ಕೆ. ಬೇರೆ ಬೇರೆ ಊರಿನವರು. ಮಕ್ಕಳನ್ನು ಮುನ್ಸಿಪಾಲ್ಟಿ ಶಾಲೆಗೆ ಸೇರಿಸುವಾಗ ಮಾಸ್ತರರು ಸರ್‌ನೇಮ್ ಕೇಳಿದ್ರಂತೆ. ಇವರಿಗೆ ಅದೆಲ್ಲ ಎಲ್ಲಿತ್ತು? ಜೊತೆಗೆ ಹೋದ ನಮ್ಮಜ್ಜನೇ, 'ಇವರೆಲ್ಲ ನಮ್ಮ ಮನೆಯವರು, ನಮ್ಮ ಹೆಸರೇ ಬರೀರಿ' ಅಂದ್ರಂತೆ."

ಇಷ್ಟು ವರ್ಷ ಎದೆಯುಬ್ಬಿಸಿ ಹೇಳಿಕೊಂಡ ಮನೆತನ ನಮ್ಮದಲ್ಲವಂತೆ! ಪೆಚ್ಚಾದೆ. ಮರುಕ್ಷಣವೇ, ಹಾಗಾದರೆ ಮದುವೆಗೆ ಅಡ್ಡಿಯಿಲ್ಲ ಎಂದು ಹೊಳೆದು, ಕುಣಿಯುವಷ್ಟು ಸಂತೋಷವಾಯಿತು. ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿದೆ. ಅಳುತ್ತಾಳೆ ಅಂದುಕೊಂಡರೆ ಕಿಸಕ್ಕನೆ ನಕ್ಕಳು.

ಮನೆಗೆ ಬಂದು ಅಮ್ಮನಿಗೆ ಎಲ್ಲ ವರದಿ ಒಪ್ಪಿಸಿದೆ. ಅವರು ಬನ್ಸ್ ಮುರಿಯುತ್ತಾ, "ಹುಡುಗ ಬಂದ ದಿನವೇ ಬಳಿ ಕೇಳಿದ್ದೆ ನಾನು. ಅವನದ್ದು ಬೇರೆ, ಇವಳದ್ದು ಬೇರೆ" ಎಂದರು.

ಬಳಿ ಎಂದರೆ ತಾಯಿಯಿಂದ ಬರುವ ವಂಶ. ಸಂಬಂಧ ನೋಡುವಾಗ ನಮ್ಮವರು ಕೇಳುವುದು ಅದನ್ನೇ, ಅಪ್ಪನ ಅಡ್ಡಹೆಸರನ್ನಲ್ಲ. ಮುಂಬೈಯಲ್ಲೇ ಹುಟ್ಟಿ ಬೆಳೆದ ನನಗೆ ಆಧಾರ್ ಕಾರ್ಡಿನಲ್ಲಿರುವ ಹೆಸರೇ ವಂಶವಾಗಿಬಿಟ್ಟಿತ್ತು.

"ಮತ್ತೆ ಮೊದಲೇ ಯಾಕೆ ಹೇಳ್ಲಿಲ್ಲ?" ಎಂದು ರೇಗಿದೆ.

"ನೀನೆಲ್ಲಿ ಕೇಳಿದ್ದಿ? ನಿನ್ನ ಮಗಳು ನನ್ನ ಪುಳ್ಳಿ ಅಲ್ವಾ, ಅವಳಿಗೆ ಆವತ್ತು ರಾತ್ರಿಯೇ ಹೇಳಿದ್ದೇನೆ. ನಿನಗೆ ಹೇಳಿದ್ರೆ ನೀನು ಪರೇಲಿಗೆ ಹೋಗ್ತಿದ್ಯಾ? ನನಗೆ ಬನ್ಸ್ ಸಿಗ್ತಿತ್ತಾ?"

ಮನೆಯಲ್ಲಿ ಮೂವರೂ ಸೇರಿ ನನ್ನನ್ನು ಕುಣಿಸಿದ್ದರು, ಹೆಂಡತಿಗೂ ಗೊತ್ತಿತ್ತಂತೆ. ಎರಡು ದಿನ ಮುಖ ಊದಿಸಿಕೊಂಡಿದ್ದೆ. ಆದರೆ ಆ ಅಲೆದಾಟ ವ್ಯರ್ಥವಾಯಿತೆಂದು ನನಗೆ ಅನಿಸಿಲ್ಲ.

ಮದುವೆಯ ಮೊದಲ ಕಾಗದ ಕೊಡಲು ನಾನು ಪರೇಲಿಗೇ ಹೋದೆ. ಗಲ್ಲಾದಲ್ಲಿದ್ದವರು ಕನ್ನಡಕ ಹಾಕಿಕೊಂಡು ಓದಿದರು. ವರನ ಕಡೆ ಅವರ ಅಡ್ಡಹೆಸರು, ವಧುವಿನ ಕಡೆಯೂ ಅದೇ.

"ಅಲ್ಲ ಮಾರಾಯ್ರೆ, ನಾನು ಯಾವ ಕಡೆ ಕೂತುಕೊಳ್ಳುವುದು?" ಎಂದರು.

"ನಿಮ್ಮಜ್ಜನೇ ಆವತ್ತು ಶಾಲೆಯಲ್ಲಿ ಹೇಳಿದ್ದಾರಲ್ಲ," ಎಂದೆ.

ಅವರು ಕನ್ನಡಕ ತೆಗೆದಿಟ್ಟರು. ಆಮೇಲೆ ಅಡುಗೆಮನೆಯತ್ತ ತಿರುಗಿ ಕೂಗಿ ಹೇಳಿದರು: "ಕೇಳಿದ್ರಾ, ನಮ್ಮ ಮನೆಯಲ್ಲಿ ಮದುವೆ ಉಂಟು!"